ಲಂಕೆಗೆ ಹೋಗಿ ಬಂದವರು

1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಲಂಕೆಯ ಅಧ್ಯಕ್ಷ ಜಯವರ್ಧನೆ ಭಾರತ-ಲಂಕಾ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಬೆನ್ನಿಗೇ ನಮ್ಮ ಸೈನಿಕರು ಜಾಫ್ನಾದಲ್ಲಿ ಇಳಿದರು. ಹೆಸರು ಶಾಂತಿಪಾಲನಾ ಪಡೆ. ಊರಿನ ತಮಿಳರು ಮಾಲೆ ಹಾಕಿ ಬರಮಾಡಿಕೊಂಡರು. ಅಕ್ಟೋಬರ್ ಹೊತ್ತಿಗೆ ಅವೇ ಬೀದಿಗಳಲ್ಲಿ ನೆಲಬಾಂಬು ಸಿಡಿಯತೊಡಗಿತು.

ಯಾರ ವಿರುದ್ಧ ಯುದ್ಧ? ಎದುರಿಗಿದ್ದ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳ ಸಂಘಟನೆಯ ಹುಡುಗರಲ್ಲಿ ಎಷ್ಟೋ ಮಂದಿ ಭಾರತದ ನೆಲದಲ್ಲೇ ತರಬೇತಿ ಪಡೆದವರು. ಮೈಮೇಲೆ ಸಮವಸ್ತ್ರವಿಲ್ಲ, ಲುಂಗಿ ಉಟ್ಟು ಸೈಕಲ್ ತುಳಿದು ಬರುವವನು ಮೀನುಗಾರನೋ ಹುಲಿಯೋ ತಿಳಿಯುವುದು ಹೇಗೆ? ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಸೈನಿಕರಲ್ಲಿ 29 ಮಂದಿ ಸತ್ತರು, ಉಳಿದೊಬ್ಬ ಸೆರೆಯಾದ. ಹುಲಿಗಳು ನಮ್ಮ ವೈರ್‌ಲೆಸ್ ಮಾತು ಕದ್ದು ಕೇಳಿ ಕಾದು ಕುಳಿತಿದ್ದರು. ಹತ್ತು ದಿನದ ನಂತರ, ದೀಪಾವಳಿಯಂದು, ಜಾಫ್ನಾ ಆಸ್ಪತ್ರೆಯಲ್ಲಿ ನಮ್ಮವರ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಬಲಿಯಾದರು. ಇದನ್ನು ಬಚ್ಚಿಟ್ಟು ಸೈನಿಕರ ಕಥೆ ಹೇಳುವುದು ಸುಳ್ಳು ಹೇಳಿದಂತೆ.

1989ರಲ್ಲಿ ಲಂಕೆಯ ಅಧ್ಯಕ್ಷ ಪ್ರೇಮದಾಸ ಭಾರತದ ಸೇನೆ ಹೊರಡಲಿ ಎಂದರು. ಅವರ ಸರ್ಕಾರವೇ ಹುಲಿಗಳಿಗೆ ಆಯುಧ ಕೊಟ್ಟಿತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿಗಳು ಚೆನ್ನೈಗೆ ಬಂದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ತಮಿಳರ ಸಾವುನೋವಿಗೆ ಅವರು ಮರುಗಿದ್ದರಲ್ಲಿ ತಪ್ಪಿಲ್ಲ. ಆದರೆ ಹಡಗಿನಿಂದ ಇಳಿದವರು ನೀತಿ ರೂಪಿಸಿದವರಲ್ಲ, ಹೇಳಿದಲ್ಲಿಗೆ ಹೋದವರು. ಸಾವಿರದ ನೂರಕ್ಕೂ ಹೆಚ್ಚು ಮಂದಿ ಹಿಂದಿರುಗಿರಲಿಲ್ಲ. ಅವರ ಹೆಸರು ಕೆತ್ತಿದ ಸ್ಮಾರಕವನ್ನು ಲಂಕೆ ತನ್ನ ಸಂಸತ್ತಿನ ಸಮೀಪ ಕಟ್ಟಿತು. ನಮ್ಮಲ್ಲಿ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆದದ್ದೇ 2019ರಲ್ಲಿ.

ಸೋತ ನೀತಿಯ ಮುಜುಗರವನ್ನು ಸರ್ಕಾರಗಳು ಸೈನಿಕರ ತಲೆಗೆ ಕಟ್ಟಿದವು ಎಂಬುದೇ ನನ್ನ ದೂರು. ಕಾರ್ಗಿಲ್ ನಮ್ಮ ಮಕ್ಕಳಿಗೆ ಗೊತ್ತು, ಜಾಫ್ನಾ ಗೊತ್ತಿಲ್ಲ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಪಲ್ಟನ್‌ಗಳೂ ಅಲ್ಲಿ ಕಾದಾಡಿದವು. ನಿಮ್ಮೂರಿನಲ್ಲೂ ಅಂಥ ಮಾಜಿ ಸೈನಿಕರು ಇರಬಹುದು. ಹೋಗಿ, ಕೂತು ಕೇಳಿ, ಒಪ್ಪಿದರೆ ಬರೆದಿಡಿ. ಆಗ ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ.