ಅವ್ವನ ರೊಟ್ಟಿ ಮತ್ತು ನನ್ನ ಇಂಡಕ್ಷನ್ ಒಲೆ

"ಹೇಗೂ ಕರೆಂಟ್ ಫ್ರೀ, ಒಂದು ಇಂಡಕ್ಷನ್ ಒಲೆ ತಗೊಂಡ್ರೆ ಗ್ಯಾಸ್ ಉಳೀತದೆ" ಅಂತ ಬೆಂಗಳೂರಲ್ಲಿ ಕೂತು ಊರಿನವರಿಗೆ ಉಪದೇಶ ಮಾಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಹೋದ ದೀಪಾವಳಿಗೆ ಚಿಕ್ಕೋಡಿಯಲ್ಲಿ 2000 ವ್ಯಾಟಿನದೊಂದು ಕೊಂಡು, ರಾಯಬಾಗದ ಹತ್ತಿರ ಇರುವ ನಮ್ಮ ತೋಟದ ಮನೆಗೆ ಒಯ್ದೆ. ಎರಡೇ ದಿನ! ಮೂರನೇ ದಿನ ಅವ್ವ ಅದನ್ನು ಒರೆಸಿ, ಡಬ್ಬಿಗೆ ಹಾಕಿ ಎತ್ತಿಟ್ಟಿದ್ದಳು.

"ತಮ್ಮಾ, ಇದರಾಗ ರೊಟ್ಟಿ ನಡುವ ಸೀಯತೈತಿ, ಅಂಚ ಹಸೀನ ಉಳಿತೈತಿ."

ಸಿಟ್ಟು ಬಂತು. ಆಮೇಲೆ ನೋಡಿದರೆ ಅವ್ವನ ಮಾತೇ ಖರೆ. ಆ ಒಲೆಯೊಳಗಿನ ಸುರುಳಿಯ ಅಗಲ ಒಂದು ಗೇಣೂ ಇಲ್ಲ. ನಮ್ಮ ಜೋಳದ ರೊಟ್ಟಿ ಅದಕ್ಕಿಂತ ದೊಡ್ಡದು. ಅವ್ವನ ಹಳೆಯ ಹಂಚಿಗೆ ಸಪಾಟು ತಳವೂ ಇಲ್ಲ. ಸಾಲದ್ದಕ್ಕೆ ತೋಟದ ಲೈನು. ನಿಪ್ಪಾಣಿಯಿಂದ ಅಥಣಿ, ಕಾಗವಾಡದವರೆಗೆ ಎಷ್ಟೋ ಕುಟುಂಬಗಳು ಊರೊಳಗಲ್ಲ, ಕಬ್ಬಿನ ನಡುವೆ ತೋಟದಲ್ಲೇ ಇರುತ್ತವೆ. ನಮ್ಮಲ್ಲಂತೂ ಸಂಜೆ ಅಡುಗೆ ಹೊತ್ತಿಗೇ ವೋಲ್ಟೇಜ್ ಬೀಳುತ್ತದೆ.

ಇನ್ನು 'ಫ್ರೀ' ಕಥೆ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಸಿಗುತ್ತದೆ ಅಂದುಕೊಂಡಿದ್ದೀರಾ? ಲೆಕ್ಕ ಹಾಕಿದ್ದು 2022-23ರ ನಿಮ್ಮದೇ ಸರಾಸರಿಯ ಮೇಲೆ, ಜತೆಗೆ ಶೇ. 10. ಆಗ ತಿಂಗಳಿಗೆ 60 ಉರಿಸುತ್ತಿದ್ದ ಮನೆಗೆ 66. ಈ ಒಲೆ ಪೂರ್ತಿ ಉರಿಯಲ್ಲಿ ಅರ್ಧ ಗಂಟೆಗೆ 1 ಯೂನಿಟ್ ತಿನ್ನುತ್ತದೆ. ದಿನಕ್ಕೆ ಎರಡು ಅಂದರೂ ತಿಂಗಳಿಗೆ 60 ಹೆಚ್ಚಾಯಿತು. ಆ ಹೆಚ್ಚಿನದಕ್ಕೆ ದುಡ್ಡು ಕೊಡಬೇಕಾದವರು ಉಪದೇಶ ಮಾಡಿದ ನಾವಲ್ಲ!

ಇಂಡಕ್ಷನ್ ಕೆಟ್ಟದ್ದು ಅಂತಲ್ಲ. ಗ್ಯಾಸಿನ ಉರಿಯಲ್ಲಿ ಸಾಕಷ್ಟು ಶಾಖ ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ. ಇದರಲ್ಲಿ ಬಹುಪಾಲು ಪಾತ್ರೆಗೇ ಸೇರುತ್ತದೆ. ಹಾಲು, ಚಹಾ, ಅನ್ನಕ್ಕೆ ಒಳ್ಳೆಯದೇ. ಆದರೆ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ "ಯಾವುದು ಹೊಸದು?" ಅಲ್ಲ, "ನಮ್ಮ ಮನೆಯಲ್ಲಿ ಶಾಖ ಎಲ್ಲಿ ಖರ್ಚಾಗುತ್ತಿದೆ?" ಅನ್ನೋದು. 750 ವ್ಯಾಟಿನ ಮಿಕ್ಸರ್ ದಿನಕ್ಕೆ ಐದು ನಿಮಿಷ ತಿರುಗಿದರೆ 1 ಯೂನಿಟ್ ಆಗಲು 16 ದಿನ ಬೇಕು. ಅದರ ವ್ಯಾಟ್ ನೋಡಿ ತಲೆ ಕೆಡಿಸಿಕೊಳ್ಳುವವರು ಬೇಳೆಯನ್ನು ಮುಚ್ಚಳವಿಲ್ಲದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ! ಕಾಳು ರಾತ್ರಿಯೇ ನೆನೆಹಾಕಿ, ಕುಕ್ಕರಿಗೆ ಹಾಕಿ, ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ. ಇದಕ್ಕೆ ಸ್ಟಾರ್ ಬೇಕಿಲ್ಲ.

ಉಳಿದದ್ದು ರೊಟ್ಟಿ, ಮತ್ತು ಅದರ ಕಟ್ಟಿಗೆ ಹೊಗೆ. ಅವ್ವನ ಕೆಮ್ಮು ನನಗೆ ಫೋನಿನಲ್ಲೇ ಕೇಳುತ್ತದೆ. ಹೊಗೆ ಹೊರಗೆ ಹೋಗಲೆಂದೇ ಚಿಮಣಿ ಇಟ್ಟ, ಕಟ್ಟಿಗೆಯನ್ನೂ ಉಳಿಸುವ ಅಸ್ತ್ರ ಒಲೆಯನ್ನು ಬೆಂಗಳೂರಿನ ಐಐಎಸ್‌ಸಿಯವರು 1980ರ ದಶಕದಲ್ಲೇ ಮಾಡಿದ್ದರು. ನಾನು ಮೊದಲು ಕಟ್ಟಿಸಬೇಕಾಗಿದ್ದು ಅಂಥದ್ದೊಂದು ಒಲೆ. ಕೊಟ್ಟಿದ್ದು ಗಾಜಿನ ಮೈಯ ಡಬ್ಬಿ.

ಊರಿಗೆ ಏನಾದರೂ ಕೊಂಡೊಯ್ಯುವ ಮುನ್ನ ಒಂದು ದಿನ ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತು ನೋಡಿ. ಏನಂತೀರಿ?