ನಮ್ಮ ಗಾಡಿ ಯಾರಿಗೆ ವರದಿ ಒಪ್ಪಿಸುತ್ತಿದೆ? ಕೇಳೋಣ ಬನ್ನಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಾರು ಮಾಲೀಕರೇ, ಹಳದಿ ಬೋರ್ಡಿನ ಚಾಲಕ ಬಂಧುಗಳೇ,

ಹೊಸ ಕಾರು ಮನೆಗೆ ತರುವ ದಿನದ ಸಂಭ್ರಮ ನಿಮಗೆ ಗೊತ್ತು. ಚಕ್ರದಡಿ ನಿಂಬೆಹಣ್ಣು, ಬಾನೆಟ್ ಮೇಲೆ ಕುಂಕುಮ, ಹೂವಿನ ಹಾರ, ದೊಡ್ಡ ಕೀಲಿ ಹಿಡಿದು ಫೋಟೋ. ಆ ಗಡಿಬಿಡಿಯಲ್ಲೇ ಷೋರೂಮಿನ ಹುಡುಗ ನಿಮ್ಮ ಫೋನ್ ಇಸಕೊಂಡು, ಕಂಪನಿಯ ಆ್ಯಪ್ ಹಾಕಿ, ನಾಲ್ಕೈದು ಕಡೆ ತಾನೇ ಒತ್ತಿ ವಾಪಸ್ ಕೊಡುತ್ತಾನೆ. "ಆಯ್ತು ಸಾರ್, ಇನ್ನು ಮನೇಲಿ ಕೂತೇ ಎಸಿ ಆನ್ ಮಾಡಬಹುದು." ಅವನು ಒತ್ತಿದ್ದು ನಿಮ್ಮ ಒಪ್ಪಿಗೆಯನ್ನು. ಪುಟಗಟ್ಟಲೆ ಇಂಗ್ಲಿಷ್ ಷರತ್ತುಗಳಿಗೆ ನಿಮ್ಮ ಹೆಸರಲ್ಲಿ ಬಿದ್ದ ಸಹಿ ಅದು.

2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್ ಬಂದಾಗ ಒಳಗೇ ಸಿಮ್ ಇರುವ ಕಾರು ದೊಡ್ಡ ಸುದ್ದಿಯಾಗಿತ್ತು. ಈಗ ಅದು ಮಾಮೂಲು. ಅನುಕೂಲ ಇಲ್ಲವೆಂದು ನಾವು ಹೇಳುತ್ತಿಲ್ಲ. ರಾತ್ರಿ ಹೊತ್ತು ಹೆದ್ದಾರಿ 48ರಲ್ಲಿ ಓಡಾಡುವ ನಮಗೆ, ಅಪಘಾತವಾದ ಕೂಡಲೇ ತಾನಾಗಿ ಕರೆ ಮಾಡುವ ಕಾರು ಬೇಡವೇ? ಬೇಕು. ಆದರೆ ಅದೇ ಸಿಮ್ ಉಳಿದ ಹೊತ್ತು ಏನು ಮಾಡುತ್ತಿದೆ? ಗುಯಿಲಾಳು ಟೋಲಿನ ಫಾಸ್ಟ್ಯಾಗ್‌ಗೆ ನೀವು ದಾಟಿದ ಗಳಿಗೆ ಮಾತ್ರ ಗೊತ್ತು. ಕಾರು ಟೋಲಿಗಿಂತ ಮೊದಲಿನದನ್ನೂ ಆಮೇಲಿನದನ್ನೂ ಬಲ್ಲದು. ಯಾವ ಆಸ್ಪತ್ರೆಯ ಮುಂದೆ ಎಷ್ಟು ಹೊತ್ತು ನಿಂತಿತ್ತು, ಯಾವ ವಕೀಲರ ಮನೆಗೆ ಎಷ್ಟು ಸಲ ಹೋಯಿತು, ಭೀಮಸಮುದ್ರದಲ್ಲಿ ಯಾವ ಅಡಿಕೆ ಮಂಡಿಯ ಬಾಗಿಲಲ್ಲಿತ್ತು, ವೇಗ ಎಷ್ಟು, ಎಷ್ಟು ಸಲ ಗಕ್ಕನೆ ಬ್ರೇಕ್ ಹಾಕಿದಿರಿ, ಬೆಲ್ಟ್ ಹಾಕಿದ್ದಿರೋ ಇಲ್ಲವೋ, ಎಲ್ಲವನ್ನೂ ಅದು ದಾಖಲಿಸಬಲ್ಲದು.

ದಾಖಲಿಸಿದರೆ ಏನಾಗುತ್ತದೆ ಅಂತೀರಾ? ಅಮೆರಿಕದಲ್ಲಿ ಆಗಿದೆ. ಜನರಲ್ ಮೋಟಾರ್ಸ್ ತನ್ನ ಗ್ರಾಹಕರ ಚಾಲನೆಯ ವಿವರಗಳನ್ನು ದತ್ತಾಂಶ ವ್ಯಾಪಾರಿಗಳಿಗೆ ಕೊಟ್ಟಿತು. ಅವರಿಂದ ಅದು ವಿಮಾ ಕಂಪನಿಗಳ ಕೈಸೇರಿತು, ಪ್ರೀಮಿಯಂ ಏರಿತು. ತಮ್ಮ ಬ್ರೇಕಿನ ಲೆಕ್ಕ ಮಾರಾಟವಾಗಿದೆಯೆಂದು ಗೊತ್ತೇ ಇರಲಿಲ್ಲ ಎಂದು ಮಾಲೀಕರು ಹೇಳಿದರು. 2024ರಲ್ಲಿ ಪತ್ರಿಕೆಗಳು ಬಯಲಿಗೆಳೆದ ಮೇಲೆ, 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರಿ ಆಯೋಗ ಕಂಪನಿಯ ಮೇಲೆ ಕ್ರಮಕ್ಕೆ ಮುಂದಾಯಿತು. ನಮ್ಮಲ್ಲೂ ಓಡಿಸುವ ರೀತಿ ನೋಡಿ ಪ್ರೀಮಿಯಂ ಗೊತ್ತುಮಾಡುವ ಪಾಲಿಸಿಗೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲೇ ಅನುಮತಿ ಕೊಟ್ಟಿದೆ. ಸರ್ಕಾರವಾದರೂ ಮಾರುವುದಿಲ್ಲ ಎಂಬ ನಂಬಿಕೆಯೇ? 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ವಾಹನ ನೋಂದಣಿಯ ಮಾಹಿತಿಯನ್ನು ಸಗಟಾಗಿ ಹಣಕ್ಕೆ ಕೊಡುವ ನೀತಿ ತಂದಿತ್ತು. 87 ಖಾಸಗಿ ಕಂಪನಿಗಳು, 32 ಸರ್ಕಾರಿ ಸಂಸ್ಥೆಗಳು ವಾಹನ್ (ನೋಂದಣಿ), ಸಾರಥಿ (ಲೈಸೆನ್ಸ್) ಮಾಹಿತಿ ಪಡೆದಿವೆ, 65 ಕೋಟಿ ರೂಪಾಯಿ ಬಂದಿದೆ ಎಂದು ಸಚಿವರು ಸಂಸತ್ತಿನಲ್ಲೇ ಹೇಳಿದರು. ಮರುವರ್ಷ ನೀತಿ ರದ್ದಾಯಿತು. ಕೊಟ್ಟ ಮಾಹಿತಿ ಹಿಂದಕ್ಕೆ ಬರುವ ವಸ್ತುವಲ್ಲ.

ಇನ್ನು ಹಳದಿ ಬೋರ್ಡಿನವರ ಪಾಡು. ಟ್ಯಾಕ್ಸಿ, ಬಸ್ಸುಗಳಿಗೆ ಜಿಪಿಎಸ್ ಮತ್ತು ಪ್ಯಾನಿಕ್ ಬಟನ್ ಕಡ್ಡಾಯವೆಂದು 2023ರ ಕೊನೆಯಲ್ಲಿ ರಾಜ್ಯ ಸಾರಿಗೆ ಇಲಾಖೆ ಹೇಳಿತು. ಜಿಎಸ್‌ಟಿ ಬಿಟ್ಟು 7,599 ರೂಪಾಯಿ, ಚಾಲಕನ ಜೇಬಿನಿಂದಲೇ. ಒಬ್ಬಳೇ ಪ್ರಯಾಣಿಸುವ ಹೆಣ್ಣುಮಗಳಿಗೆ ಆ ಬಟನ್ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೆಟ್ಟಿಗೆಗೆ ದುಡ್ಡು ಕೊಟ್ಟವನು ತನ್ನ ಓಡಾಟದ ದಾಖಲೆ ಎಷ್ಟು ದಿನ ಇರುತ್ತದೆ, ಯಾರು ಯಾರು ನೋಡಬಹುದು ಎಂದು ಕೇಳಬಾರದೇ?

ಕೇಳುವ ಹಕ್ಕನ್ನು ಗಟ್ಟಿ ಮಾಡಿಕೊಟ್ಟವರಲ್ಲಿ ನಮ್ಮ ನಾಡಿನವರೇ ಒಬ್ಬರಿದ್ದರು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತರು. ಆಮೇಲೆ ಬಂದದ್ದು 2023ರ ದತ್ತಾಂಶ ರಕ್ಷಣಾ ಕಾಯ್ದೆ. ಅದರಲ್ಲೊಂದು ಮಾತು ನಮಗಾಗಿಯೇ ಬರೆದಂತಿದೆ. ಒಪ್ಪಿಗೆ ಕೇಳುವ ಕಾಗದವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡಬೇಕು. ಅಂದರೆ ಕನ್ನಡದಲ್ಲಿ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲೂ ಬರಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಪಾಲಿಸಲು ಕಂಪನಿಗಳಿಗೆ ಹದಿನೆಂಟು ತಿಂಗಳ ಗಡುವಿದೆ. ಗಡುವು ಅವರಿಗೆ. ನಾವು ಇವತ್ತೇ ಕೇಳಬಹುದು.

ಕನ್ನಡದಲ್ಲಿ ಕೊಟ್ಟರೂ ಯಾರು ಓದುತ್ತಾರೆ ಎಂದು ನಗಬೇಡಿ. ಸಾಲದ ಪತ್ರ ಓದದೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡವರ ಮಕ್ಕಳು ನಾವು.

ಆದ್ದರಿಂದ ಷೋರೂಮಿನಲ್ಲಿ ಫೋನ್ ಕೊಡಬೇಡಿ. ಆ್ಯಪ್ ನೀವೇ ಹಾಕಿ, "ಷರತ್ತು ಕನ್ನಡದಲ್ಲಿ ಕೊಡಿ, ಆಮೇಲೆ ಒತ್ತುತ್ತೇನೆ" ಎನ್ನಿ. ಇಲ್ಲವೆಂದರೆ ಇಲ್ಲವೆಂದು ಬರೆದು ಕೊಡಲು ಕೇಳಿ. ಚಾಲನೆಯ ವಿವರ ಹಂಚಿಕೊಳ್ಳುವ ಆಯ್ಕೆಗಳು ಸೆಟ್ಟಿಂಗ್ಸ್‌ನಲ್ಲಿದ್ದರೆ ಆಫ್ ಮಾಡಿ. ಹಳೇ ಕಾರು ಮಾರುವಾಗ ಆ್ಯಪಿನಿಂದ ಗಾಡಿಯನ್ನು ಬಿಡಿಸಿ, ಪರದೆಯಲ್ಲಿ ಉಳಿದ ಫೋನ್ ನಂಬರುಗಳನ್ನು ಅಳಿಸಿ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದವರು ಇದನ್ನು ಮೊದಲು ನೋಡಿ. ಹಳೇ ಮಾಲೀಕ ಬಿಡಿಸದಿದ್ದರೆ ನಿಮ್ಮ ಗಾಡಿ ಎಲ್ಲಿದೆಯೆಂದು ಅವನ ಫೋನಿನಲ್ಲಿ ಕಾಣುತ್ತಲೇ ಇರಬಹುದು.

ಹಳದಿ ಬೋರ್ಡಿನವರು ಜಿಪಿಎಸ್ ದಾಖಲೆ ಎಷ್ಟು ದಿನ ಇರುತ್ತದೆ, ಯಾರು ನೋಡಬಹುದು ಎಂದು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ಚಿತ್ರದುರ್ಗದ ಆರ್‌ಟಿಒ ಕಚೇರಿಗೆ ಕೊಟ್ಟರೂ ಸಾಕು, ಸಂಬಂಧಪಟ್ಟ ಕಚೇರಿಗೆ ಅವರೇ ಕಳಿಸಬೇಕು. ಒಬ್ಬರು ಹಾಕಿದರೆ ಕಡತ ಮೂಲೆ ಸೇರುತ್ತದೆ. ನಾಲ್ಕೂ ತಾಲ್ಲೂಕಿನ ಸ್ಟ್ಯಾಂಡುಗಳಿಂದ ಒಂದೇ ವಾರ ಹಾಕಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಓದಿದ ಮೇಲೆ ಈ ಹಾಳೆ ಬಿಸಾಡಬೇಡಿ. ಪಕ್ಕದ ಗಾಡಿಯ ವೈಪರಿಗೆ ಸಿಕ್ಕಿಸಿ ಹೋಗಿ.

ಇಂತಿ,
ಜಿಲ್ಲೆಯ ಕೆಲವು ವಾಹನ ಮಾಲೀಕರು ಮತ್ತು ಚಾಲಕರು