ಅಗೆಯುವ ಮೊದಲೇ ಅಳತೆಗೆ ಸಹಿ ಬೀಳಲಿ

ಬಾಸೆಲ್ ಮಿಶನ್‌ನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮನೆಗಳಿಗೆ ಹೊಸ ಮಾಡಿನ ಜೊತೆಗೆ ಒಂದು ಶಿಸ್ತೂ ಬಂತು. ಒಂದೇ ಅಚ್ಚಿನ ಹೆಂಚುಗಳು ಒಂದಕ್ಕೊಂದು ಕಚ್ಚಿ ಕೂರಬೇಕಾದರೆ ಪಕ್ಕಾಸು, ರೀಪುಗಳು ನೇರ ಇರಬೇಕು; ಅದಕ್ಕೆ ಗೋಡೆ ಮೂಲೆಮಟ್ಟಕ್ಕೆ ಇರಬೇಕು. ಪಂಚಾಂಗಕ್ಕೆ ನೂಲು ಹಿಡಿದ ದಿನ ಆದ ಓರೆಕೋರೆ ಮಾಡಿನ ಅಂಚಿನಲ್ಲಿ ಹೆಂಚು ಕತ್ತರಿಸುವಾಗ ಬೀದಿಗೇ ಕಾಣುತ್ತಿತ್ತು. ಕಾಂಕ್ರೀಟ್ ಸ್ಲ್ಯಾಬಿಗೆ ಆ ಹಂಗಿಲ್ಲ. ಗೋಡೆ ಓರೆಯಾದರೆ ಶಟರಿಂಗ್ ಹಲಗೆಯನ್ನೂ ಓರೆಯಾಗಿ ಕೊಯ್ದರಾಯಿತು, ಮೇಲೆ ಪ್ಲಾಸ್ಟರ್ ಬಳಿದರೆ ಯಾರಿಗೂ ತಿಳಿಯದು. ತಪ್ಪು ಹೀಗೆ ಮುಚ್ಚಿಹೋಗುವ ಕಾಲದಲ್ಲಿ ಅಡಿಪಾಯ ಅಗೆಯುವ ಮೊದಲಿನ ಮಾರ್ಕಿಂಗ್‌ಗೆ ಸಹಿ ಇರುವ ದಾಖಲೆ ಕಡ್ಡಾಯವಾಗಲೇಬೇಕು.

ಸಣ್ಣ ನಿವೇಶನಗಳಲ್ಲಿ ಪ್ಲಾನ್ ಬರೆಯುವವರು ಒಬ್ಬರು, ಗೂಟ ಹೊಡೆದು ನೂಲು ಕಟ್ಟುವವರು ಇನ್ನೊಬ್ಬರು. ನಡುವಿನ ಹೊಣೆ ಯಾರ ತಲೆಗೂ ಇಲ್ಲ. 30ಕ್ಕೆ 40 ಅಡಿಯ ಮನೆಯಲ್ಲಿ ಮೂಲೆ ಒಂದೇ ಒಂದು ಡಿಗ್ರಿ ತಪ್ಪಿದರೆ 40 ಅಡಿಯ ಗೋಡೆಯ ತುದಿ ಎಂಟು ಇಂಚಿಗೂ ಹೆಚ್ಚು ಸರಿಯುತ್ತದೆ. ಟೇಪಿನಲ್ಲಿ ಎರಡೂ ಕರ್ಣ ಅಳೆದರೆ ಸಾಕು, ಎರಡೂ 50 ಅಡಿ ಇರಬೇಕಾದಲ್ಲಿ ಸುಮಾರು ಹತ್ತು ಇಂಚಿನ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಎರಡು ನಿಮಿಷದ ಈ ಕೆಲಸ ಬಿಟ್ಟುಹೋದರೆ ಬೆಲೆ ತೆರುವುದು ಪಿಲ್ಲರ್: ಫುಟಿಂಗ್‌ನಿಂದ ಮೇಲೆದ್ದ ಕಂಬಿ ಲೈನಿಗೆ ಬರಲಿಲ್ಲವೆಂದು ಬುಡದಲ್ಲೇ ಬಗ್ಗಿಸಿ ನಿಲ್ಲಿಸುತ್ತಾರೆ, ಭಾರ ನಡುವಿಗೆ ಬೀಳದೆ ಪಕ್ಕಕ್ಕೆ ಬೀಳುತ್ತದೆ. ಇದಕ್ಕಿಂತ ದೊಡ್ಡ ತಕರಾರು ನೂಲು ಎಲ್ಲಿಂದ ಶುರುವಾಗುತ್ತದೆ ಎಂಬಲ್ಲಿದೆ. ಏರುತಗ್ಗಿನ ಮುರಕಲ್ಲು ನೆಲ, ಪಾಲುಪಟ್ಟಿಯಲ್ಲಿ ಸೆಂಟ್ಸ್ ಲೆಕ್ಕದಲ್ಲಿ ಹರಿದು ಹಂಚಿಹೋದ ಜಾಗಗಳು. ಇಂಥ ಕಡೆ ಸರ್ವೆ ಕಲ್ಲು ಹುಡುಕುವ ತಾಪತ್ರಯ ಬೇಡವೆಂದು ಹಳೆಯ ಕಾಂಪೌಂಡ್ ಗೋಡೆಯನ್ನೇ ಗಡಿ ಎಂದು ಹಿಡಿದು ಅಳೆದರೆ ಮುಂದಿನ ಅಳತೆಗಳೆಲ್ಲ ಎಷ್ಟೇ ಕರಾರುವಾಕ್ಕಾಗಿದ್ದರೂ ಸೆಟ್‌ಬ್ಯಾಕ್ ಸುಳ್ಳೇ.

ಸೆಟ್‌ಬ್ಯಾಕ್ ನುಂಗುವವರು ತಿಳಿದೇ ನುಂಗುತ್ತಾರೆ, ಅಳತೆ ತಪ್ಪಿ ಅಲ್ಲ ಎನ್ನುವವರಿದ್ದಾರೆ. ಬಹುಪಾಲು ಸರಿಯೇ. ಆದರೆ ತಿಳಿದು ಮಾಡಿದವರೂ ಕೊನೆಗೆ ಆಡುವ ಮಾತು ‘ಮೇಸ್ತ್ರಿ ತಪ್ಪಿದ’ ಎಂದೇ. ವಾಸದ ಕಟ್ಟಡಕ್ಕೆ ಶೇ 50, ವಾಣಿಜ್ಯ ಕಟ್ಟಡಕ್ಕೆ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪಲು ಹೊರಟ ರಾಜ್ಯ ಸರ್ಕಾರದ ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿತು. ಎದ್ದು ನಿಂತ ಕಟ್ಟಡವನ್ನು ಕೆಡವಲು ಯಾವ ಸರ್ಕಾರಕ್ಕೂ ಮನಸ್ಸು ಬರುವುದಿಲ್ಲ ಎಂಬುದಕ್ಕೆ ಆ ಯೋಜನೆಯೇ ಪುರಾವೆ. ಹಾಗಿದ್ದ ಮೇಲೆ ತಡೆಯುವ ಹೊತ್ತು ಸುಣ್ಣದ ಗೆರೆ ಎಳೆದ ದಿನ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಅದೇ ಕೋರ್ಟ್, ಮಂಜೂರಾದ ನಕ್ಷೆಯನ್ನು ಕೆಲಸ ನಡೆಯುವಷ್ಟು ಕಾಲವೂ ಸ್ಥಳದಲ್ಲಿ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲೆ ಇಡಬೇಕು ಎಂದಿತು. ಒಳ್ಳೆಯದೇ. ಆದರೆ ಬೋರ್ಡಿಗೆ ಅಂಟಿಸಿದ ನಕ್ಷೆ ಎಷ್ಟು ಬಿಡಬೇಕಿತ್ತು ಎನ್ನುತ್ತದೆ, ಎಷ್ಟು ಬಿಟ್ಟಿದ್ದಾರೆ ಎಂದು ಹೇಳುವುದು ನೆಲದ ಮೇಲಿನ ಗೂಟ ಮಾತ್ರ.

ಇನ್ನೊಂದು ಸಹಿ ಎಂದರೆ ಕೈ ಬಿಸಿ ಮಾಡಬೇಕಾದ ಇನ್ನೊಂದು ಮೇಜು ಎಂಬ ಭಯ ಪೊಳ್ಳಲ್ಲ. ಅದಕ್ಕೇ ಸಹಿ ಪಾಲಿಕೆಯದ್ದಾಗದೆ ಪ್ಲಾನ್‌ಗೆ ಸಹಿ ಹಾಕಿದ ಎಂಜಿನಿಯರರದೇ ಆಗಲಿ: ನಾಲ್ಕು ಗಡಿಗಳಿಂದ ಅಳತೆ, ಎರಡು ಕರ್ಣ, ಗೂಟಗಳ ಫೋಟೊ, ಅಕ್ಕಪಕ್ಕದವರಿಗೆ ಮುಂಚಿತ ತಿಳಿವಳಿಕೆ. ಪಾಲಿಕೆಗೆ ಇದರ ಪ್ರತಿ ಹೋಗಲಿ, ಗೊತ್ತುಪಡಿಸಿದ ದಿನಗಳೊಳಗೆ ಅವರು ಬರದಿದ್ದರೆ ಕೆಲಸ ಶುರುವಾಗಲಿ. ಖರ್ಚಿನ ಮಾತೂ ದೊಡ್ಡದಲ್ಲ. ಬಹುಮಹಡಿಗೆ ಟೋಟಲ್ ಸ್ಟೇಷನ್ ಬೇಕು, ಹತ್ತು ಸೆಂಟ್ಸ್ ಮನೆಗೆ ಟೇಪು, ನೂಲು, ನೀರಿನ ಟ್ಯೂಬು ಸಾಕು. ಅನುಭವಿ ಮೇಸ್ತ್ರಿಗೆ ಇದು ಅವಮಾನವೆಂದೂ ತಿಳಿಯಬೇಕಿಲ್ಲ. ನಾಳೆ ತಕರಾರು ಎದ್ದರೆ ಅವನ ಪರ ಸಾಕ್ಷಿ ಹೇಳುವುದು ಆ ಕಾಗದವೇ. ನಿಜವಾದ ತೊಡಕೆಂದರೆ ಹದ್ದುಬಸ್ತಿಗೆ ಸರ್ವೆಯರ್ ಬರಲು ಹಿಡಿಯುವ ಕಾಲ. ಆ ಅರ್ಜಿಯನ್ನು ಪ್ಲಾನ್ ಅರ್ಜಿಯ ಜೊತೆಗೇ ಹಾಕಿಸಿಕೊಂಡರೆ ಎರಡೂ ಒಟ್ಟೊಟ್ಟಿಗೆ ಸಾಗುತ್ತವೆ, ಮಂಜೂರಾತಿ ಕೈಸೇರುವ ಹೊತ್ತಿಗೆ ಗಡಿಕಲ್ಲೂ ಸಿಕ್ಕಿರುತ್ತದೆ.